ಹೆಸರಿನ ಮುಂದಿನ ಖಾಲಿ ಜಾಗ



ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಕಳೆದ ಸಲ ನಾನು ಪ್ರತೀತ್ಯ ಸಮುತ್ಪಾದದ ಬಗ್ಗೆ ಬರೆದಾಗ "ಅಣ್ಣ, ತಲೆಗೆ ಹತ್ತಲಿಲ್ಲ, ದಿನನಿತ್ಯದ ವಿಷಯ ಏನಾದರೂ ಬರೀರಿ" ಎಂದು ಇಬ್ಬರು ಮೆಸೇಜ್ ಹಾಕಿದ್ದಿರಿ. ಆದ್ದರಿಂದ ಈ ಸಲ ನನ್ನ ಆಫೀಸಿನ ವಿಷಯ ಮತ್ತು ನಮ್ಮ ವಿಹಾರದ ವಿಷಯ. ಇದರಲ್ಲಿ ನನ್ನದೊಂದು ತಪ್ಪೂ ಇದೆ. ಸ್ವಲ್ಪ ಉದ್ದವಾಗಿದೆ, ಬೆಳಿಗ್ಗೆ ಪುರುಸೊತ್ತಿಲ್ಲದವರು ರಾತ್ರಿ ಓದಿ.

ನಾನು ಕೆಲಸ ಮಾಡುವುದು ಒಂದು ಕಾಲೇಜಿನ ಆಫೀಸಿನಲ್ಲಿ, ವಿದ್ಯಾರ್ಥಿವೇತನದ ಟೇಬಲ್ ಮೇಲೆ. ಬಹಳ ವರ್ಷ ನಾನು ಮಾಡುತ್ತಿದ್ದುದು ಇಷ್ಟೇ. ಅರ್ಜಿಯ ಕಾಲ ಬಂದಾಗ ಒಂದು ನೋಟಿಸ್ ಟೈಪ್ ಮಾಡಿ, ಸಹಿ ಹಾಕಿಸಿ, ಅಟೆಂಡರ್ ಕೈಗೆ ಕೊಡುವುದು. ಅವನು ತರಗತಿಯಿಂದ ತರಗತಿಗೆ ಹೋಗುತ್ತಾನೆ. ಪಾಠ ನಿಲ್ಲುತ್ತದೆ. ಮೇಷ್ಟ್ರು ನೋಟಿಸ್ ಓದಿ, "ಎಸ್‌ಸಿ, ಎಸ್‌ಟಿಯವರು ಎದ್ದು ನಿಂತ್ಕೊಳ್ಳಿ, ಎಷ್ಟು ಜನ ಅಂತ ಬರ್ಕೊಳ್ಳಲಿ" ಅನ್ನುತ್ತಾರೆ. ಹುಡುಗರು ಏಳುತ್ತಾರೆ. ಕೆಲವರು ಏಳುವುದೇ ಇಲ್ಲ, ಆಮೇಲೆ ಕಿಟಕಿಯ ಹತ್ತಿರ ಒಬ್ಬೊಬ್ಬರೇ ಬಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಇನ್ನು ಕೆಲವರು ಬರುವುದೂ ಇಲ್ಲ, ಆ ವರ್ಷದ ಹಣ ಹೋಯಿತು. "ಈ ಹುಡುಗರಿಗೆ ಜವಾಬ್ದಾರಿ ಇಲ್ಲ" ಎಂದು ನಾವು ಆಫೀಸಿನಲ್ಲಿ ಟೀ ಕುಡಿಯುತ್ತಾ ಮಾತಾಡಿಕೊಳ್ಳುತ್ತಿದ್ದೆವು.

ಹೈಸ್ಕೂಲಿನಲ್ಲಿ ನಾನೂ ಹಾಗೆ ಎದ್ದು ನಿಂತವನೇ. ಪಕ್ಕದಲ್ಲಿ ಕೂರುತ್ತಿದ್ದವನು ಅವತ್ತು ತಲೆಯೆತ್ತಿ ನೋಡಿದ್ದು ಇವತ್ತಿಗೂ ನೆನಪಿದೆ. ಮರುವಾರ ಅವನು ಬೇರೆ ಬೆಂಚಿಗೆ ಹೋದ. ಅದನ್ನು ಉಂಡ ನಾನೇ ಅದೇ ನೋಟಿಸನ್ನು ವರ್ಷವರ್ಷ ಕಳಿಸಿದೆ. ಹಾಗೆ ಮಾಡು ಎಂದು ಯಾರೂ ನನಗೆ ಹೇಳಿರಲಿಲ್ಲ. ಟೇಬಲ್ ವಹಿಸಿಕೊಟ್ಟು ಹೋದವರು ಮಾಡುತ್ತಿದ್ದರು, ಫೈಲಿನಲ್ಲಿ ಹಳೆಯ ನೋಟಿಸಿನ ಪ್ರತಿ ಇತ್ತು, ತಾರೀಖು ಬದಲಾಯಿಸಿದೆ.

ಎರಡು ವರ್ಷದ ಹಿಂದೆ ವರ್ತನಾ ವಿಜ್ಞಾನ ಎಂಬ ವಿಷಯದ ಮೇಲೆ ಒಂದಿಷ್ಟು ಓದಿದೆ. ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೈನ್ ಎಂಬಿಬ್ಬರು 2008ರಲ್ಲಿ 'ನಡ್ಜ್' ಎಂಬ ಪುಸ್ತಕ ಬರೆದರು. ನಡ್ಜ್ ಅಂದರೆ ಮೊಣಕೈಯಿಂದ ಮೆಲ್ಲಗೆ ತಿವಿಯುವುದು. ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಹೇಳುವುದರ ಸಾರ ಹೀಗಿದೆ. ಮನುಷ್ಯ ಪ್ರತಿಯೊಂದನ್ನೂ ಕೂತು ಲೆಕ್ಕ ಹಾಕಿ ಮಾಡುವುದಿಲ್ಲ. ಕಣ್ಣೆದುರು ಯಾವುದು ಸುಲಭವಾಗಿದೆಯೋ, ಫಾರಂನಲ್ಲಿ ಯಾವುದಕ್ಕೆ ಮೊದಲೇ ಟಿಕ್ ಹಾಕಿಟ್ಟಿದ್ದಾರೋ, ಅಕ್ಕಪಕ್ಕದವರು ಏನು ಮಾಡುತ್ತಿದ್ದಾರೋ ಅದನ್ನೇ ಎಷ್ಟೋ ಸಲ ಮಾಡಿಬಿಡುತ್ತಾನೆ. ಹಾಗಾಗಿ ಜನರ ನಡತೆ ಬದಲಾಗಬೇಕಾದರೆ ಬರೀ ಉಪದೇಶ ಸಾಲದು, ವ್ಯವಸ್ಥೆಯ ಜೋಡಣೆಯನ್ನೂ ಬದಲಾಯಿಸಬೇಕು.

ನೊಬೆಲ್ ಬಂದದ್ದಕ್ಕಿಂತ ನನ್ನನ್ನು ಅಲ್ಲಾಡಿಸಿದ್ದು ಇನ್ನೊಂದು ಅಧ್ಯಯನ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಆರು ಮತ್ತು ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಒಗಟಿನ ದಾರಿಗಳನ್ನು ಬಿಡಿಸಲು ಕೊಟ್ಟರು. ಬಿಡಿಸಿದ್ದಕ್ಕೆ ದುಡ್ಡೂ ಇತ್ತು. ಮೇಲ್ಜಾತಿಯ ಹುಡುಗರು, ದಲಿತ ಹುಡುಗರು ಒಟ್ಟಿಗೆ ಕೂತಿದ್ದರು. ಯಾರ ಜಾತಿಯನ್ನೂ ಹೇಳದೆ ಕೊಟ್ಟಾಗ ಇಬ್ಬರ ಫಲಿತಾಂಶದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಇನ್ನೊಂದು ಗುಂಪಿನಲ್ಲಿ ಶುರುವಿಗೆ ಮುಂಚೆ ಪ್ರತಿ ಹುಡುಗನ ಹೆಸರು, ಊರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಎಲ್ಲವನ್ನೂ ಎಲ್ಲರೆದುರು ಓದಿ, "ಸರಿಯೇ?" ಎಂದು ಕೇಳಿದರು. ಹುಡುಗ ತಲೆಯಾಡಿಸಬೇಕು, ಅಷ್ಟೇ. ಆ ಗುಂಪಿನಲ್ಲಿ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಸ್ಪಷ್ಟವಾಗಿ ಕುಸಿಯಿತು. 2006ರಲ್ಲಿ ಅಮೆರಿಕದ ದೊಡ್ಡ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಅದು ಅಚ್ಚಾಯಿತು.

ಓದಿ ಮುಗಿಸಿದಾಗ ಅಟೆಂಡರ್ ಕೈಯಲ್ಲಿನ ನನ್ನ ನೋಟಿಸ್ ಕಣ್ಣಮುಂದೆ ಬಂತು. ಸಂಶೋಧಕರು ಒಂದು ದಿನ ಮಾಡಿ ನೋಡಿದ್ದನ್ನು ನಾನು ಪ್ರತಿ ವರ್ಷ ಪ್ರತಿ ತರಗತಿಯಲ್ಲಿ ಮಾಡಿಸುತ್ತಿದ್ದೆ, ಅದೂ ನಮ್ಮ ಮಕ್ಕಳಿಗೆ ಸಹಾಯ ಮಾಡುತ್ತಿದ್ದೇನೆ ಅಂದುಕೊಂಡು.

ಮುಂದಿನ ವರ್ಷ ನೋಟಿಸ್ ನಿಲ್ಲಿಸಿದೆ. ದಾಖಲಾತಿ ಪುಸ್ತಕದಲ್ಲಿ ಎಲ್ಲರ ಫೋನ್ ನಂಬರ್ ಇದ್ದೇ ಇತ್ತು, ಅರ್ಹರಾದ ಒಬ್ಬೊಬ್ಬರಿಗೂ ನೇರ ಮೆಸೇಜ್ ಕಳಿಸಿದೆ. ಬರೀ "ಕೊನೆಯ ದಿನಾಂಕದೊಳಗೆ ಅರ್ಜಿ ಸಲ್ಲಿಸಿ" ಅಂತಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಅವಧಿ ಮುಗಿದಿದ್ದರೆ ನಾಡಕಚೇರಿಗೆ ಈ ವಾರವೇ ಹೋಗು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಕೇಳಿಕೋ, ಮಂಗಳವಾರ ಮೂರು ಗಂಟೆಗೆ ಇವಿಷ್ಟು ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಾ, ಒಟ್ಟಿಗೆ ತುಂಬೋಣ ಅಂತ. ಕಂಪ್ಯೂಟರ್ ಪಕ್ಕ ಒಂದು ಸ್ಟೂಲ್ ಹಾಕಿದೆ. ಕಿಟಕಿಯ ಹೊರಗೆ ನಿಂತು ಮಾತಾಡುವುದು ತಪ್ಪಿತು. ಜವಾಬ್ದಾರಿ ಇಲ್ಲ ಎಂದು ನಾವು ಬೈದುಕೊಳ್ಳುತ್ತಿದ್ದ ಹುಡುಗರೇ ಹೇಳಿದ ಹೊತ್ತಿಗೆ ಬಂದರು. ಅವರಲ್ಲಿ ಏನೂ ಬದಲಾಗಿರಲಿಲ್ಲ, ಬದಲಾಗಿದ್ದು ನನ್ನ ಟೇಬಲ್.

ಇಲ್ಲಿಯವರೆಗೆ ಸರಿ. ನನಗೆ ಹುಮ್ಮಸ್ಸು ಬಂತು. ಯೋಚನೆ ಮಾಡಿದಷ್ಟೂ ಇದು ನಮಗೆ ಹೊಸದೇನಲ್ಲ ಅನ್ನಿಸಿತು. ನಮ್ಮೂರಿನಲ್ಲಿ ಮೇಲಿನ ಬೀದಿ, ಕೆಳಗಿನ ಕೇರಿ, ಅವರ ಬಾವಿ, ನಮ್ಮ ಬಾವಿ, ಹೋಟೆಲಿನ ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟ. ನಮ್ಮ ತಾತನಿಗೆ "ಇತ್ತ ಬರಬೇಡ" ಎಂದು ಯಾರೂ ಪ್ರತಿ ದಿನ ಹೇಳುತ್ತಿರಲಿಲ್ಲ. ಊರಿನ ಜೋಡಣೆಯೇ ಹೇಳುತ್ತಿತ್ತು, ಕಾಲು ತಾನಾಗಿ ಆ ದಾರಿಯಲ್ಲೇ ಹೋಗುತ್ತಿತ್ತು. ಥೇಲರ್ ಪುಸ್ತಕ ಬರೆಯುವ ಎಷ್ಟೋ ಶತಮಾನ ಮೊದಲೇ ಈ ವಿದ್ಯೆಯನ್ನು ಅರೆದು ಕುಡಿದವರು ಈ ದೇಶದಲ್ಲಿದ್ದರು.

ಬಾಬಾಸಾಹೇಬರಿಗೂ ಇದು ಚೆನ್ನಾಗಿ ಗೊತ್ತಿತ್ತು. ಮಹಾಡ್ ಸತ್ಯಾಗ್ರಹ ಎಂದರೆ ನಮಗೆಲ್ಲ 1927 ಮಾರ್ಚ್ 20 ನೆನಪಾಗುತ್ತದೆ. ಅದಕ್ಕೂ ಹಿಂದಿನದನ್ನು ಸ್ವಲ್ಪ ನೆನೆಯಿರಿ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂದು ಬೋಲೆಯವರು ಮಂಡಿಸಿದ ನಿರ್ಣಯಕ್ಕೆ ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಮಹಾಡ್ ಪುರಸಭೆ 1924ರಲ್ಲಿ ಚವದಾರ್ ಕೆರೆಯನ್ನು ಎಲ್ಲರಿಗೂ ಮುಕ್ತ ಎಂದಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು, ನೀರು ಮುಟ್ಟಿದವರು ಮಾತ್ರ ಇಲ್ಲ. ಮುಟ್ಟಿದವರನ್ನು ಯಾರೂ ಕಂಡಿರಲಿಲ್ಲ, ಮುಟ್ಟಿದರೆ ಆಗುವುದರ ಭಯವಂತೂ ಎಲ್ಲರಿಗೂ ಇತ್ತು. ಬಾಬಾಸಾಹೇಬರು ಇನ್ನೊಂದು ಆದೇಶಕ್ಕೆ ಕಾಯಲಿಲ್ಲ. ಸಾವಿರಾರು ಜನರ ಜೊತೆ ಹಗಲು ಬೆಳಕಿನಲ್ಲಿ ನಡೆದು ಹೋಗಿ ಬೊಗಸೆಯಲ್ಲಿ ನೀರು ಎತ್ತಿ ಕುಡಿದರು. ಒಬ್ಬರು ಕುಡಿದದ್ದನ್ನು ಇನ್ನೊಬ್ಬರು ನೋಡಿದರು. ಆಮೇಲೆ ಏಟೂ ಬಿದ್ದವು, ಅದು ನಿಮಗೆಲ್ಲ ಗೊತ್ತು.

ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡೇ ನಾನು ನಮ್ಮ ವಿಹಾರದ ಕಟ್ಟಡ ನಿಧಿಗೆ ಕೈ ಹಾಕಿದ್ದು.

ಗೋಡೆ ಎದ್ದು ಚಾವಣಿಗೆ ದುಡ್ಡಿಲ್ಲದೆ ನಿಂತಿದ್ದ ಸಮಯ. ಬ್ರಿಟನ್ ಸರ್ಕಾರ 2010ರಲ್ಲಿ ಇಂಥ ವಿಜ್ಞಾನಕ್ಕಾಗಿಯೇ ಒಂದು ತಂಡ ಕಟ್ಟಿತು ಎಂದು ಓದಿದ್ದೆ. ತೆರಿಗೆ ಬಾಕಿ ಇರುವವರಿಗೆ ಕಳಿಸುವ ಪತ್ರದಲ್ಲಿ "ಬಹುತೇಕ ಜನ ಸಮಯಕ್ಕೆ ಸರಿಯಾಗಿ ತೆರಿಗೆ ಕಟ್ಟುತ್ತಾರೆ" ಎಂಬರ್ಥದ ಒಂದು ಸಾಲು ಸೇರಿಸಿದರೆ ಹೆಚ್ಚು ಜನ ಬೇಗ ಕಟ್ಟಿದರಂತೆ. ನಾನೂ ಹಾಗೇ ಮಾಡಿದೆ. ಮನೆಗೆ ಮೂರು ಸಾವಿರ ಎಂದು ಗೊತ್ತು ಮಾಡಿ, ಎಲ್ಲರ ಹೆಸರನ್ನೂ ಸಾಲಾಗಿ ಬರೆದು ಈ ಗ್ರೂಪಿನಲ್ಲೇ ಹಾಕಿದೆ. ಕೊಟ್ಟವರ ಹೆಸರಿನ ಮುಂದೆ ಹಸಿರು ಗುರುತು, ಕೊಡದವರ ಮುಂದೆ ಖಾಲಿ. ಪ್ರತಿ ರಾತ್ರಿ ಒಂಬತ್ತಕ್ಕೆ ಹೊಸ ಪಟ್ಟಿ. "ನಮ್ಮಲ್ಲಿ ಇಷ್ಟು ಮನೆಯವರು ಈಗಾಗಲೇ ಕೊಟ್ಟಿದ್ದಾರೆ, ನೀವು?" ಎಂದು ಕೆಳಗೊಂದು ಸಾಲು. ಒಂದು ವರ್ಷದಲ್ಲಿ ಬಾರದ ದುಡ್ಡು ಐದು ವಾರದಲ್ಲಿ ಬಂತು. ಶೀಟ್ ಹೊದಿಸಿದೆವು. ಸಮಿತಿಯವರು ಶಹಬ್ಬಾಸ್ ಅಂದರು, ನಾನೂ ಬೀಗಿದೆ.

ಆಮೇಲೆ ಒಬ್ಬ ಹಿರಿಯ ಅಕ್ಕ ಭಾನುವಾರದ ವಂದನೆಗೆ ಬರುವುದು ನಿಂತಿತು. ಊರು ಗುಡಿಸಿ ನಿವೃತ್ತಿಯಾದವರು. ತ್ರಿಸರಣ ಹೇಳುವಾಗ ಮುಂದಿನ ಸಾಲಿನಲ್ಲಿ ಅವರ ದನಿಯೇ ಎಲ್ಲರಿಗಿಂತ ಎತ್ತರ. ಮೊದಲು ಹುಷಾರಿಲ್ಲವೇನೋ ಅಂದುಕೊಂಡೆವು. ನಾಲ್ಕು ವಾರ ಕಳೆದ ಮೇಲೆ ನಾನೇ ಮನೆಗೆ ಹೋದೆ. ಟೀ ಕೊಟ್ಟರು. ಬೆಳಿಗ್ಗೆ ಇನ್ನೊಂದು ಮನೆಯ ಕೆಲಸ ಹಿಡಿದಿದ್ದೇನೆ, ಭಾನುವಾರವೂ ಬಿಡುವಿಲ್ಲ ಅಂದರು. ಯಾಕಕ್ಕ ಈ ವಯಸ್ಸಿನಲ್ಲಿ ಎಂದರೆ ಮಾತು ತಿರುಗಿಸಿದರು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಹೇಳಿಬಿಟ್ಟಳು. ಮೂರು ಸಾವಿರ ಕೈಸಾಲ, ನೂರಕ್ಕೆ ಐದರಂತೆ ತಿಂಗಳ ಬಡ್ಡಿ.

"ನಿನ್ನ ತಪ್ಪೇನಿಲ್ಲ ಕಣಪ್ಪ," ಅಂದರು ಅಕ್ಕ. "ಇವಳು ದಿನಾ ರಾತ್ರಿ ಪಟ್ಟಿ ಓದೋಳು. ಎಲ್ಲರ ಮುಂದೂ ಹಸಿರು, ನನ್ನ ಮುಂದೆ ಖಾಲಿ. ಆ ಖಾಲಿ ನೋಡಕ್ಕಾಗಲಿಲ್ಲ."

ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ತರಗತಿಯಲ್ಲಿ ಎದ್ದು ನಿಲ್ಲಿಸುವುದನ್ನು ನಿಲ್ಲಿಸಿದವನು ನಾನು. ವಿಹಾರದಲ್ಲಿ ಈ ಅಕ್ಕನನ್ನು ಪ್ರತಿ ರಾತ್ರಿ ಒಂಬತ್ತಕ್ಕೆ ಎಲ್ಲರೆದುರು ಎದ್ದು ನಿಲ್ಲಿಸಿದವನೂ ನಾನೇ.

ಸಮಿತಿಯಲ್ಲಿ ಈ ವಿಷಯ ಎತ್ತಿದಾಗ ಒಬ್ಬರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. "ಅಲ್ಲ ಸಾರ್, ದುಡ್ಡು ನಿಮ್ಮ ಜೇಬಿಗೆ ಹೋಯಿತಾ? ವಿಹಾರಕ್ಕೇ ತಾನೇ ಬಂದದ್ದು? ನಾಚಿಕೆಯಿಂದಾದರೂ ಒಳ್ಳೆಯ ಕೆಲಸ ಆಯಿತಲ್ಲ." ಆ ಪ್ರಶ್ನೆಗೆ ಅವತ್ತು ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತು ಪ್ರಯತ್ನ ಮಾಡುತ್ತೇನೆ.

ಮೊದಲನೆಯದಾಗಿ, ತೆರಿಗೆ ಎಂಬುದು ಬಾಕಿ, ದಾನ ಬಾಕಿಯಲ್ಲ. ನಾನು ಬಾಕಿ ವಸೂಲಿಯ ಉಪಾಯವನ್ನು ತಂದು ದಾನದ ಮೇಲೆ ಹಾಕಿದೆ. ಅಂಗುತ್ತರ ನಿಕಾಯದಲ್ಲಿ ಬುದ್ಧರು ದಾನಿಯ ಬಗ್ಗೆ ಹೇಳುವಾಗ ಮೂರು ಹೊತ್ತಿನ ಮಾತಾಡುತ್ತಾರೆ. ಕೊಡುವ ಮೊದಲು ಸಂತೋಷ, ಕೊಡುವಾಗ ತಿಳಿಯಾದ ಮನಸ್ಸು, ಕೊಟ್ಟ ಮೇಲೆ ತೃಪ್ತಿ. ಅಕ್ಕನಿಗೆ ಕೊಡುವ ಮೊದಲು ಇದ್ದದ್ದು ಅವಮಾನದ ಭಯ, ಕೊಡುವಾಗ ಸಾಲಗಾರನ ಮುಖ, ಕೊಟ್ಟ ಮೇಲೆ ಬಡ್ಡಿ. ಶೀಟ್‌ಗೆ ಬಿದ್ದ ದುಡ್ಡನ್ನು ನಾವು ಲೆಕ್ಕದಲ್ಲಿ ದಾನ ಎಂದು ಬರೆದುಕೊಂಡಿದ್ದೇವೆ, ಅಷ್ಟೇ.

ಇಸ್ರೇಲಿನ ಹೈಫಾ ಊರಿನಲ್ಲಿ ಹತ್ತು ಶಿಶುವಿಹಾರಗಳಲ್ಲಿ ಮಾಡಿದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ, 2000ರಲ್ಲಿ ಪ್ರಕಟವಾದದ್ದು. ಮಕ್ಕಳನ್ನು ಕರೆದುಕೊಂಡು ಹೋಗಲು ತಡವಾಗಿ ಬರುವ ತಂದೆತಾಯಿಗೆ ಆರು ಕಡೆ ದಂಡ ಹಾಕಿದರು. ತಡವಾಗಿ ಬರುವುದು ಕಡಿಮೆಯಾಗಲಿಲ್ಲ, ಸುಮಾರು ಎರಡರಷ್ಟಾಯಿತು! ಅಯ್ಯೋ ಟೀಚರ್ ಕಾಯುತ್ತಾರಲ್ಲ ಎಂಬ ಅಳುಕು ಹೋಗಿ, ದುಡ್ಡು ಕಟ್ಟಿದ್ದೇನಲ್ಲ ಎಂಬ ಲೆಕ್ಕ ಬಂತು. ಆಮೇಲೆ ದಂಡ ತೆಗೆದರೂ ಹಳೆಯ ಅಳುಕು ವಾಪಸ್ ಬರಲಿಲ್ಲ. ನನ್ನ ಪಟ್ಟಿಯೂ ಅಂಥದ್ದೇ ಕೆಲಸ ಮಾಡಿತು. ಹಸಿರು ಗುರುತು ಬಿದ್ದ ಎಷ್ಟೋ ಜನ "ನಮ್ಮದು ಮುಗೀತು" ಅಂದರು. ಮೊದಲು ಸುಮ್ಮನೆ ಬಂದು ನೆಲ ಸಾರಿಸಿ, ನೀರು ತುಂಬಿಟ್ಟು ಹೋಗುತ್ತಿದ್ದವರೂ ಕಡಿಮೆಯಾದರು.

ಎರಡನೆಯದು ಬಾಬಾಸಾಹೇಬರ ಮಾತು. ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲದ ಸಭೆಗೆಂದು ಬರೆದು, ಆ ಸಭೆ ನಿಂತುಹೋದ ಮೇಲೆ 1936ರಲ್ಲಿ ತಾವೇ ಅಚ್ಚು ಹಾಕಿಸಿದ 'ಜಾತಿ ವಿನಾಶ'ದಲ್ಲಿ ಅವರು ಕಟ್ಟಳೆ ಮತ್ತು ತತ್ವ ಇವೆರಡನ್ನೂ ಬೇರೆ ಮಾಡಿ ತೋರಿಸುತ್ತಾರೆ. ಕಟ್ಟಳೆ ಇಂಥದ್ದನ್ನು ಮಾಡು ಅನ್ನುತ್ತದೆ, ಮನುಷ್ಯ ಯಂತ್ರದಂತೆ ಮಾಡುತ್ತಾನೆ. ತತ್ವ ಅವನ ಕೈಗೆ ಅಳತೆಗೋಲು ಕೊಡುತ್ತದೆ, ಅವನು ತಾನೇ ಅಳೆದು, ತನ್ನ ಜವಾಬ್ದಾರಿಯ ಮೇಲೆ ಮಾಡುತ್ತಾನೆ. ಧಾರ್ಮಿಕ ಕ್ರಿಯೆ ಒಮ್ಮೊಮ್ಮೆ ತಪ್ಪಾಗಬಹುದು, ಆದರೆ ಅದು ಮಾಡುವವನ ಸ್ವಂತ ಜವಾಬ್ದಾರಿಯ ಕ್ರಿಯೆಯಾಗಿರಲೇಬೇಕು ಎಂಬುದು ಅವರ ವಾದ. ಇದನ್ನು ಎಷ್ಟೋ ಸಲ ಓದಿದ್ದೇನೆ, ಇಲ್ಲೇ ಪಾಠವನ್ನೂ ಮಾಡಿದ್ದೇನೆ. ಅದು ಮನುಸ್ಮೃತಿಗೆ ಮಾತ್ರ ಹೇಳಿದ್ದು ಅಂದುಕೊಂಡಿದ್ದೆ. ನನ್ನ ಹಸಿರು ಗುರುತಿಗೂ ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ.

ಹಾಗಾದರೆ ಸ್ಟೂಲ್ ಹಾಕಿದ್ದೂ ತಪ್ಪೇ? ಅದೂ ಒಂದು ಜೋಡಣೆಯೇ ತಾನೇ? ನನಗೆ ಹಾಗನ್ನಿಸುವುದಿಲ್ಲ. ಆ ಹುಡುಗನಿಗೆ ವಿದ್ಯಾರ್ಥಿವೇತನ ಬೇಕಿತ್ತು, ನಡುವೆ ಕಲ್ಲು ಬಿದ್ದಿತ್ತು, ನಾನು ಕಲ್ಲು ತೆಗೆದೆ. ಯಾಕೆ ಹೀಗೆ ಮಾಡಿದಿರಿ ಎಂದು ಅವನು ಕೇಳಿದರೆ ಮುಖ ನೋಡಿ ಹೇಳಬಲ್ಲೆ. ಪಟ್ಟಿಯ ಬಗ್ಗೆ ಅಕ್ಕ ಹಾಗೆ ಕೇಳಿದ್ದರೆ? "ನಿಮಗೆ ನಾಚಿಕೆಯಾಗಲಿ, ಆಗ ಕೊಡುತ್ತೀರಿ ಅಂತ ಖಾಲಿ ಬಿಟ್ಟೆ ಅಕ್ಕ" ಎಂದು ಅವರ ಮುಂದೆ ಕೂತು ಹೇಳಲು ನನ್ನ ನಾಲಗೆ ಏಳುತ್ತಿರಲಿಲ್ಲ. ಚವದಾರ್ ಕೆರೆಗೆ ನಡೆದವರಿಗೂ ಒಬ್ಬರನ್ನು ನೋಡಿ ಒಬ್ಬರಿಗೆ ಧೈರ್ಯ ಬಂದಿತ್ತು. ಆದರೆ ಎಲ್ಲಿಗೆ ಹೋಗುತ್ತಿದ್ದೇವೆ, ಯಾಕೆ, ಏನಾಗಬಹುದು ಎಂಬುದನ್ನು ಎರಡು ದಿನದ ಸಭೆಯಲ್ಲಿ ಬಾಯಿಬಿಟ್ಟು ಮಾತಾಡಿಯೇ ಅವರು ಹೆಜ್ಜೆ ಇಟ್ಟಿದ್ದರು.

ನಮ್ಮ ಗ್ರೂಪಿನಲ್ಲೇ ಇನ್ನೊಂದು ಉದಾಹರಣೆ ಇದೆ. ಕುಡಿತ ಬಿಟ್ಟ ತಮ್ಮನೊಬ್ಬ, ಇದನ್ನು ಬರೆಯಬಹುದು ಎಂದು ಅವನೇ ಒಪ್ಪಿದ್ದಾನೆ. ಐದನೆಯ ಶೀಲವನ್ನು ಪ್ರತಿ ಭಾನುವಾರ ಬಾಯಲ್ಲಿ ಹೇಳಿ ಸಂಜೆ ಮುರಿಯುತ್ತಿದ್ದ. ಸಂಬಳದ ದಿನ ಎಟಿಎಂ ಕಾರ್ಡನ್ನು ಹೆಂಡತಿಗೆ ಕೊಟ್ಟ, ಮನೆಗೆ ಹೋಗುವ ದಾರಿ ಬದಲಾಯಿಸಿದ, "ಏಳು ಗಂಟೆಗೆ ಯಾರಾದರೂ ನನಗೆ ಫೋನ್ ಮಾಡಿ" ಎಂದು ಇಲ್ಲೇ ಕೇಳಿಕೊಂಡ. ಅವನ ಮೇಲೂ ನಮ್ಮೆಲ್ಲರ ಕಣ್ಣಿತ್ತು, ಅಲ್ಲೂ ನಾಚಿಕೆ ಕೆಲಸ ಮಾಡಿತು. ಆದರೆ ಆ ಕಣ್ಣನ್ನು ಅವನೇ ಕೇಳಿ ತರಿಸಿಕೊಂಡಿದ್ದ, ಬೇಡ ಅನ್ನಿಸಿದ ದಿನ ಕಾರ್ಡ್ ವಾಪಸ್ ಪಡೆಯಬಹುದಿತ್ತು. ಸಂಕಲ್ಪ ಅವನದು, ಜೋಡಣೆಯೂ ಅವನದೇ. ಸಂಕಲ್ಪ ಗಟ್ಟಿ ಇದ್ದರೆ ಇದೆಲ್ಲ ಯಾಕೆ ಎಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಾರ್ ಮುಂದಿನ ದಾರಿಯಲ್ಲೇ ನಡೆಯುತ್ತಾ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬೇಕು ಎಂದು ಯಾವ ಸುತ್ತದಲ್ಲೂ ನಾನು ಓದಿಲ್ಲ.

ಮಜ್ಝಿಮ ನಿಕಾಯದಲ್ಲಿ ಬುದ್ಧರು ರಾಹುಲನಿಗೆ ಕನ್ನಡಿಯ ಹೋಲಿಕೆ ಕೊಟ್ಟು, ಯಾವುದೇ ಕೆಲಸವನ್ನು ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ ನೋಡಿಕೋ, ಇದರಿಂದ ನನಗೆ ನೋವಿದೆಯೇ, ಬೇರೆಯವರಿಗೆ ನೋವಿದೆಯೇ ಎಂದು ಕಲಿಸುತ್ತಾರೆ. ನಾನು ಪ್ರತಿ ರಾತ್ರಿ ಒಂಬತ್ತಕ್ಕೆ ನೋಡುತ್ತಿದ್ದುದು ಮೊತ್ತ ಎಷ್ಟಾಯಿತು ಎಂಬುದನ್ನು ಮಾತ್ರ.

ಪಟ್ಟಿಯನ್ನು ಅಳಿಸಿದ್ದೇವೆ. ಈಗ ಬಾಗಿಲ ಪಕ್ಕ ಒಂದು ಮರದ ಪೆಟ್ಟಿಗೆ ಇದೆ. ತಿಂಗಳ ಕೊನೆಗೆ ಒಟ್ಟು ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಲೆಕ್ಕ ಹಾಕುತ್ತೇವೆ, ಹೆಸರಿಲ್ಲ. ಬರುವ ದುಡ್ಡು ಕಡಿಮೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಕಿಟಕಿಗಳಿಗೆ ಇನ್ನೂ ಬಾಗಿಲಿಲ್ಲ, ಕಳೆದ ವಾರ ಇರಚಲು ಒಳಗೆ ಹೊಡೆದು ಗ್ರಂಥಗಳ ಬೀರು ನೆನೆಯಿತು. ಪಟ್ಟಿಯೇ ಸರಿಯಿತ್ತು ಎನ್ನುವವರು ಸಮಿತಿಯಲ್ಲಿ ಈಗಲೂ ಇದ್ದಾರೆ. ಮಳೆ ಜೋರಾದ ದಿನ ನನಗೂ ಒಂದು ಗಳಿಗೆ ಹಾಗೇ ಅನ್ನಿಸುತ್ತದೆ.

ಸಮಿತಿಯ ಒಪ್ಪಿಗೆ ಪಡೆದು ಮೂರು ಸಾವಿರವನ್ನು ಅಕ್ಕನಿಗೆ ವಾಪಸ್ ಕೊಡಲು ಹೋದೆ. ಕೊಟ್ಟಿದ್ದನ್ನು ಈಸ್ಕೊಳ್ಳೋದಾ ಎಂದು ಮೊದಲು ರೇಗಿದರು. ಸಾಲ ತೀರಿಸಿ ಭಾನುವಾರ ಬನ್ನಿ ಅಕ್ಕ, ನಿಮ್ಮ ದನಿ ಇಲ್ಲದೆ ವಂದನೆ ಸಪ್ಪೆ ಅಂದೆ. ಬಹಳ ಹೊತ್ತು ಸುಮ್ಮನಿದ್ದು, ದುಡ್ಡು ಈಸಿಕೊಂಡು ಎಣಿಸಿದರು. ಅದರಲ್ಲಿ ಇನ್ನೂರು ರೂಪಾಯಿ ಬೇರೆ ತೆಗೆದು, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಇದೆಲ್ಲ ಗ್ರೂಪಿಗೆ ಬರೆಯಲೇ ಎಂದು ಕೇಳಿದ್ದಕ್ಕೆ, ಹೆಸರು ಹಾಕಬೇಡ, ಇವಳು ಓದ್ತಾಳೆ, ಕೇಳ್ತೀನಿ ಅಂದರು.

ಆ ಭಾನುವಾರ ಬಂದರು. ಗಂಟು ಬಿಚ್ಚಿ, ಎರಡು ನೋಟನ್ನೂ ಮಡಿಚಿ ಪೆಟ್ಟಿಗೆಗೆ ಹಾಕಿ, ನನ್ನ ಕಡೆ ತಿರುಗಿ ಹೇಳಿದರು: "ಇದು ನಾನು ಕೊಡ್ತಿರೋದು ಕಣಪ್ಪ."